ಹನ್ನೆರಡೂವರೆಗೆ ಅಪ್ಪನ ಊಟ

ನನಗೊಂದು ಚಟವಿದೆ. ಖಾಲಿ ಕಾಗದ ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಚೌಕ ಹಾಕತೊಡಗುತ್ತದೆ. ಉದ್ದಕ್ಕೆ ಎಂಟು ಮನೆ, ಅಡ್ಡಕ್ಕೆ ಆರು. ಕರೆಂಟು ಬಿಲ್ಲಿನ ಹಿಂದೆ ಹಾಕಿದ್ದೇನೆ, ಔಷಧಿ ಚೀಟಿಯ ಹಿಂದೆ ಹಾಕಿದ್ದೇನೆ, ಒಮ್ಮೆ ನಮ್ಮ ಯಜಮಾನರ ಎಕ್ಸ್‌ರೇ ಕವರಿನ ಮೇಲೂ ಹಾಕಿ ಬೈಸಿಕೊಂಡಿದ್ದೇನೆ. ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಮಕ್ಕಳಿಗೆ ನನ್ನಿಂದ ಗಣಿತ ಎಷ್ಟು ಬಂತೋ ಕಾಣೆ, ಶಾಲೆಯ ವೇಳಾಪಟ್ಟಿ ಹಾಕುವುದು ಮಾತ್ರ ನನಗೆ ಚೆನ್ನಾಗಿ ಬಂದಿದೆ.

ಹೋದ ವಾರ ಹಳೆಯ ಮದುವೆ ಕರೆಯೋಲೆಗಳನ್ನು ರದ್ದಿಗೆ ಹಾಕಲು ಕೂತಾಗ ಒಂದರ ಬೆನ್ನ ಮೇಲೆ ನನ್ನದೇ ಕೈಯ ಚೌಕಗಳು ಕಂಡವು. ಶಾಲೆಯದಲ್ಲ. ‘೧೦.೪೦ ತೂಗು ಹಡಗು’, ‘೧೧.೧೫ ತಿರುಗೋ ಬಟ್ಟಲು’, ‘೧೧.೫೦ ನೀರಿನ ದೋಣಿ’. ಅದರ ಕೆಳಗಿನ ಚೌಕದಲ್ಲಿ, ‘೧೨.೩೦ ಊಟ, ಅಪ್ಪ’. ‘ಅಪ್ಪ’ ಎಂಬುದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ರದ್ದಿಯ ಕೆಲಸ ಅಲ್ಲಿಗೇ ನಿಂತಿತು. ನಮ್ಮ ಯಜಮಾನರು ಬಂದು ನೋಡಿದಾಗ ನಾನು ಕರೆಯೋಲೆಗಳ ನಡುವೆ ಕೂತು ಒಬ್ಬಳೇ ನಗುತ್ತಿದ್ದೆನಂತೆ.

ವೇಳಾಪಟ್ಟಿ ಹಾಕುವುದೇನು ಮಹಾ ಅಂತ ನಿಮಗೆ ಅನಿಸಬಹುದು. ಒಂದು ಸಲ ಹಾಕಿ ನೋಡಿ. ಕನ್ನಡದ ಮೇಷ್ಟ್ರಿಗೆ ಊಟಕ್ಕೆ ಮುಂಚಿನ ಪೀರಿಯಡ್ಡು ಬೇಡ, ಬಿಸಿಯೂಟದ ಸಾಂಬಾರಿನ ವಾಸನೆ ಬಂದರೆ ಹುಡುಗರಿಗೆ ಹಳಗನ್ನಡ ಕೇಳಿಸುವುದಿಲ್ಲ. ಊಟದ ನಂತರದ ಪೀರಿಯಡ್ಡು ಯಾರಿಗೂ ಬೇಡ, ಅರ್ಧ ಕ್ಲಾಸು ತೂಕಡಿಸುತ್ತದೆ. ಡ್ರಾಯಿಂಗ್ ಮೇಷ್ಟ್ರು ಹೊಳಲ್ಕೆರೆಯಿಂದ ಓಡಾಡುವವರು, ಅವರಿಗೆ ಕೊನೆಯ ಪೀರಿಯಡ್ಡು ಕೊಟ್ಟರೆ ಮುಖ ಊದಿಸಿಕೊಳ್ಳುತ್ತಾರೆ. ಇಷ್ಟು ಜನರ ಹೊಟ್ಟೆ, ನಿದ್ದೆ, ಬಸ್ಸು ಎಲ್ಲವನ್ನೂ ನಲವತ್ತೆಂಟು ಚೌಕದೊಳಗೆ ತೂರಿಸುವವಳು ನಾನು ಎಂಬ ಜಂಬ ನನಗೆ ಸ್ವಲ್ಪ ಇತ್ತು. ಇತ್ತು ಅಂತಲೇ ಹೇಳಬೇಕು.

ನಮ್ಮ ಅಪ್ಪ ಕುರಿ ಕಾದವನು. ಹೊಸದುರ್ಗದಿಂದ ಮಾರಿಕಣಿವೆ ಅಣೆಕಟ್ಟಿನ ಕಡೆಗೆ ಹೋಗುವಾಗ ಹಿನ್ನೀರು ಕಾಣುವ ಹಳ್ಳಿಗಳಲ್ಲಿ ನಮ್ಮದೂ ಒಂದು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಂತೆ ಹಸಿ ಹುಲ್ಲು ಬರುತ್ತದೆ. ಅಪ್ಪ ಕುರಿ ಹೊಡೆದುಕೊಂಡು ಬೆಳಿಗ್ಗೆಯೇ ಅಲ್ಲಿಗೆ ಹೋಗಿಬಿಡುತ್ತಿದ್ದ. ಶಾಲೆಗೆ ರಜೆ ಬಂತೆಂದರೆ ಮಧ್ಯಾಹ್ನದ ಬುತ್ತಿ ಹೊರುವ ಕೆಲಸ ನನ್ನದು. ಟವೆಲ್ಲಿನಲ್ಲಿ ಕಟ್ಟಿದ ಬೋಸಿಯಲ್ಲಿ ಎರಡು ಮುದ್ದೆ, ಸೊಪ್ಪಿನ ಸಾರು, ಒಂದು ಈರುಳ್ಳಿ. ಒಂದು ಮುದ್ದೆ ಅಪ್ಪನಿಗೆ, ಒಂದು ನನಗೆ. ಅಪ್ಪನ ಜೊತೆ ಉಣ್ಣುವ ಆಸೆಗೆ ನಾನು ಮನೆಯಲ್ಲಿ ಉಣ್ಣದೆ ಹೋಗುತ್ತಿದ್ದೆ, ಹೋಗಿ ಹಸಿದುಕೊಂಡು ಕೂರುತ್ತಿದ್ದೆ.

ಏಕೆಂದರೆ ಅಪ್ಪ ಉಣ್ಣುತ್ತಿರಲಿಲ್ಲ. ಕುರಿಗಳಿಗೆ ನೀರು ಕುಡಿಸಬೇಕು. ಆಮೇಲೆ ಅವು ನೆರಳಿಗೆ ಬಂದು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟುಕೊಂಡು ನಿಲ್ಲಬೇಕು. ಆಮೇಲೆ ಒಂದೊಂದೇ ಮಂಡಿಯೂರಿ ಮಲಗಬೇಕು. ಎಲ್ಲವೂ ಮೆಲುಕಾಡಿಸಲು ಶುರುಮಾಡಿದ ಮೇಲೆ ಅಪ್ಪ ಜೋಡಿ ಜೋಡಿಯಾಗಿ ಎಣಿಸಿ, ಕೈ ತೊಳೆದು ಬಂದು ಕೂರುತ್ತಿದ್ದ.

“ಅಪ್ಪಾ, ಮುದ್ದೆ ಆರ್ತೈತೆ,” ಎಂದು ನಾನು ಕೂಗುತ್ತಿದ್ದೆ.

“ಆರ್ಲಿ ಬಿಡವ್ವ. ಮುದ್ದೆಗೆ ಕಾಲಿಲ್ಲ, ಎಲ್ಲಿಗೂ ಹೋಗಲ್ಲ. ಕುರಿಗೆ ಕಾಲವೆ.”

ಈಗ ಅಪ್ಪನಿಗೆ ಎಪ್ಪತ್ತನಾಲ್ಕು. ಹಳ್ಳಿಯಲ್ಲಿ ನನ್ನ ತಮ್ಮ ಬೀರೇಶ, ಅವನ ಹೆಂಡತಿ ಸುಜಾತ, ಮೊಮ್ಮಕ್ಕಳ ಜೊತೆ ಇದ್ದಾನೆ. ಎರಡು ಮಂಡಿಯೂ ಸವೆದು, ದಿಣ್ಣೆ ಹತ್ತಲು ಆಗದೆ, ಹೋದ ವರ್ಷ ಕುರಿಗಳನ್ನೆಲ್ಲ ಸಿರಾ ಕಡೆಯವರೊಬ್ಬರಿಗೆ ಕೊಟ್ಟುಬಿಟ್ಟೆವು. ಅಪ್ಪನೇ ಕೊಡಿ ಅಂದ. ಗಾಡಿ ಹೋದ ಮೇಲೆ ಖಾಲಿ ಕುರಿರೊಪ್ಪದ ಬಾಗಿಲನ್ನು ಎಂದಿನಂತೆ ಮುಳ್ಳು ಇಟ್ಟು ಮುಚ್ಚಿ ಬಂದ. ಅಳಲಿಲ್ಲ, ಮಾತು ಬಿಡಲಿಲ್ಲ, ಯಾರ ಮೇಲೂ ರೇಗಲಿಲ್ಲ. ಊಟ ಮಾತ್ರ ಬಿಟ್ಟ.

ಬಿಟ್ಟ ಎಂದರೆ ಹಟ ಹಿಡಿದು ಬಿಟ್ಟದ್ದಲ್ಲ. ಹಸಿವೇ ಬರಲಿಲ್ಲ. ಸುಜಾತ ತಟ್ಟೆ ಇಡುವಳು. ಅಪ್ಪ ಬಂದು ಕೂರುವನು. ಮುದ್ದೆಯ ಒಂದು ಮೂಲೆ ಮುರಿದು ನುಂಗಿ, ಬಾಗಿಲ ಕಡೆ ನೋಡಿ, “ಸಾಕವ್ವ” ಎಂದು ಏಳುವನು. ಅಂಗಿ ಮೈಮೇಲೆ ಜೋತುಬಿತ್ತು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ರಕ್ತ, ಹೊಟ್ಟೆ, ಎದೆ ಎಲ್ಲವನ್ನೂ ನೋಡಿಸಿದೆವು. ಡಾಕ್ಟರು ಕಾಗದಗಳನ್ನು ಮಗುಚಿ ನೋಡಿ, “ಕಾಯಿಲೆ ಏನೂ ಇಲ್ಲಮ್ಮ. ಆದರೆ ಹೀಗೇ ಉಣ್ಣದೆ ಹೋದರೆ ಮಳೆಗಾಲ ಕಳೆಯೋದು ಕಷ್ಟ. ಹೇಗಾದ್ರೂ ಮಾಡಿ ಊಟ ಮಾಡಿಸಿ,” ಎಂದರು. ಸುಜಾತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. “ನನ್ನ ಕೈ ಅಡಿಗೇನೇ ಸೇರವಲ್ದು ಕಣಕ್ಕ ಮಾವಂಗೆ. ಊರೋರು ಏನಂತಾರೆ?” ಎಂಬುದು ಅವಳ ಸಂಕಟ. ನನಗೆ ಊರಿನ ಚಿಂತೆ ಇರಲಿಲ್ಲ, ಅಪ್ಪ ಹೋಗಿಬಿಡುತ್ತಾನೆ ಎಂಬ ಹೆದರಿಕೆ ಇತ್ತು.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಬೆಂಗಳೂರು ಕಡೆಯ ಹೆದ್ದಾರಿ ಪಕ್ಕದ ಒಂದು ಆಟದ ಪಾರ್ಕಿಗೆ ಕರೆದುಕೊಂಡು ಹೋಗುವ ಮಾತು ಬಂದಾಗ ಅಪ್ಪನೂ ಬರಲಿ ಅಂದವಳು ನಾನೇ. ಜಾಗ ಬದಲಾದರೆ ನಾಲಿಗೆ ಬದಲಾಗಬಹುದು ಎಂಬ ಆಸೆ. ಆ ಪಾರ್ಕಿನಲ್ಲಿ ಪ್ರತಿ ಆಟಕ್ಕೂ ಮೊದಲೇ ಮೊಬೈಲಿನಲ್ಲಿ ಸಮಯ ಹಿಡಿದಿಡಬಹುದು. ಆ ಸಮಯಕ್ಕೆ ಹೋದರೆ ಸಾಲಿನಲ್ಲಿ ನಿಲ್ಲದೆ ಒಳಗೆ ಬಿಡುತ್ತಾರೆ. ಹತ್ತು ನಿಮಿಷ ತಡವಾದರೆ ಸರದಿ ಹೋಯಿತು. ಇದನ್ನು ಹದಿನಾಲ್ಕು ವರ್ಷದ ನನ್ನ ಮಗಳು ಸಿಂಧು ವಿವರಿಸುತ್ತಿದ್ದಂತೆ ನನ್ನ ಕೈ ಕೆಂಪು ಪೆನ್ನು ಹುಡುಕತೊಡಗಿತು.

ಒಟ್ಟು ಒಂಬತ್ತು ಮಕ್ಕಳು. ನನ್ನದೊಂದು, ಬೀರೇಶನವು ಎರಡು, ಉಳಿದವು ಚಿಕ್ಕಪ್ಪನ ಮನೆಯವು. ಎಲ್ಲರ ಎತ್ತರ ಬೇರೆ, ಎತ್ತರಕ್ಕೆ ತಕ್ಕಂತೆ ಆಟ ಬೇರೆ. ನಾನು ಮೂರು ಸೆಕ್ಷನ್ ಮಾಡಿದೆ. ದೊಡ್ಡವರು ಎ, ನಡುವಿನವರು ಬಿ, ಚಿಕ್ಕವರು ಸಿ. ಎ ಸೆಕ್ಷನ್ನಿಗೆ ಸಿಂಧು ಲೀಡರು, ಬಿಗೆ ಸುಜಾತ, ಸಿಗೆ ಬೀರೇಶ. ಮೂವರಿಗೂ ಬೇರೆ ಬೇರೆ ಆಟ, ಹನ್ನೆರಡೂವರೆಗೆ ಎಲ್ಲರಿಗೂ ಒಟ್ಟಿಗೆ ಊಟದ ಬೆಲ್ಲು. ಊಟದ ಮನೆ ತುಂಬುವ ಮೊದಲೇ ಅಪ್ಪನನ್ನು ಬಿಸಿ ತಟ್ಟೆಯ ಮುಂದೆ ಕೂರಿಸುವುದು ಇಡೀ ಪಟ್ಟಿಯ ಗುಟ್ಟು. ಎರಡು ಇಪ್ಪತ್ತಕ್ಕೆ ಎಲ್ಲಕ್ಕಿಂತ ದೊಡ್ಡ ರೋಲರ್ ಕೋಸ್ಟರು. ಅದರ ಸಮಯ ಸಿಗಲೆಂದು ಸಿಂಧು ಬೆಳಗಿನ ಜಾವ ಎದ್ದು ಮೊಬೈಲು ಹಿಡಿದು ಕೂತಿದ್ದಳು. ತಿರುಗುವುದನ್ನು ನೋಡಿದರೇ ತಲೆ ಸುತ್ತುತ್ತದೆಂದು ನಮ್ಮ ಯಜಮಾನರು ಮನೆಯಲ್ಲೇ ಉಳಿದರು.

ಟೆಂಪೊ ಮಾಡಿಕೊಂಡು ಹೊರಟೆವು. ಹಿರಿಯೂರಿನಲ್ಲಿ ತಿಂಡಿ. ಅಪ್ಪ ಅರ್ಧ ಇಡ್ಲಿ ತಿಂದು ಉಳಿದದ್ದನ್ನು ತಟ್ಟೆಯ ಅಂಚಿಗೆ ತಳ್ಳಿದ. ನಾನು ಆ ಸಂಕಟದಲ್ಲಿ ನಾಲ್ಕು ಇಡ್ಲಿ, ಎರಡು ವಡೆ ತಿಂದೆ. ನನಗೆ ಸಂಕಟವಾದರೆ ಹಸಿವು ಹೆಚ್ಚಾಗುತ್ತದೆ. ಟೆಂಪೊ ಹತ್ತುವಾಗ ನನ್ನ ಪಟ್ಟಿ ಓದಿ ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, “ಹೊಟ್ಟೆ ತುಂಬಿದ ಕುರಿನ ಓಡಿಸ್ಬಾರ್ದು ಕಣವ್ವ,” ಎಂದ.

“ಅಪ್ಪಾ, ಇದು ಕುರಿ ಅಲ್ಲ, ರೈಡು.”

“ಹೊಟ್ಟೆ ಅದೇ ಅಲ್ವೇನು?”

ಹತ್ತು ನಲವತ್ತರ ತೂಗು ಹಡಗಿನಲ್ಲಿ ಮಕ್ಕಳಿಗೆ ಧೈರ್ಯ ಹೇಳಲೆಂದು ನಾನೂ ಕೂತೆ. ಮೂರನೇ ತೂಗಿಗೆ ಇಡ್ಲಿಗಳು ಕದಲಿದವು, ಐದನೆಯದಕ್ಕೆ ವಡೆಗಳು. ಇಳಿದವಳು ನೇರ ಓಡಿದ್ದು ಕಪ್ಪೆಯ ಆಕಾರದ ಕಸದ ಡಬ್ಬಿಯ ಹತ್ತಿರಕ್ಕೆ. ಬಾಯಿ ತೆರೆದು ಕೂತಿದ್ದ ಆ ಕಪ್ಪೆಗೆ ಹಿರಿಯೂರಿನ ತಿಂಡಿಯನ್ನೆಲ್ಲ ಒಪ್ಪಿಸಿದೆ. ಅಪ್ಪ ಬಂದು ಬೆನ್ನು ನೀವಿದ. ನಾನು ಹೇಳಿರಲಿಲ್ಲವಾ ಎಂದು ಕೇಳಲಿಲ್ಲ, ಅಷ್ಟು ದೊಡ್ಡ ಮನುಷ್ಯ. ನೀರಿನ ಬಾಟಲು ಕೊಟ್ಟು, “ಇವತ್ತು ನಿನಗೆ ಮಜ್ಜಿಗೆ ಸಾಕು,” ಎಂದಷ್ಟೇ ಹೇಳಿದ.

ಗೇಟಿನಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. ಸುಜಾತ ನಸುಕಿಗೇ ಎದ್ದು ಮಾವನಿಗೆಂದು ಮುದ್ದೆ, ಹುರುಳಿಕಾಳಿನ ಸಾರು ಮಾಡಿ ತಂದಿದ್ದಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದರು. ಬೋಸಿ ಟೆಂಪೊಗೆ ವಾಪಸು ಹೋಯಿತು; ಡ್ರೈವರಣ್ಣ ಸಂಜೆ ಸಾರನ್ನು ಬಹಳ ಹೊಗಳಿದರು.

ಸರಿ, ಹನ್ನೆರಡೂವರೆ ಆಯಿತು. ಊಟದ ಮನೆಯಲ್ಲಿ ನಾನು ಕಿಟಕಿ ಪಕ್ಕದ ಉದ್ದನೆಯ ಟೇಬಲು ಹಿಡಿದು, ಅಪ್ಪನ ಮುಂದೆ ತಟ್ಟೆ ಇಟ್ಟೆ. ಬಿಸಿ ಅನ್ನ, ಸಾಂಬಾರು, ಚಪಾತಿ, ಪಲ್ಯ. ಆದರೆ ಒಂದು ಮಗುವೂ ಬರಲಿಲ್ಲ. ಫೋನು ಮಾಡಿದರೆ ಸಿಂಧು, “ಅಮ್ಮ, ನಾವಿನ್ನೂ ನಡೀತಾನೇ ಇದೀವಿ, ಇದು ಆ ಕಡೆ ತುದೀಲಿದೆ,” ಎಂದಳು. ಸುಜಾತ ದೋಣಿಯ ಹತ್ತಿರ ದಾರಿ ತಪ್ಪಿದ್ದಳು. ಬೀರೇಶ ಫೋನೇ ಎತ್ತಲಿಲ್ಲ.

ನನ್ನ ತಪ್ಪು ನನಗೆ ಆಗ ಹೊಳೆಯಿತು. ಹತ್ತೊಂಬತ್ತು ವರ್ಷ ನಾನು ಹಾಕಿದ ಪಟ್ಟಿಗಳಲ್ಲಿ ಮಕ್ಕಳು ಕೂತ ಬೆಂಚಿನಲ್ಲೇ ಕೂತಿರುತ್ತಾರೆ, ಓಡಾಡುವವರು ಮೇಷ್ಟ್ರುಗಳು. ಒಂದು ಪೀರಿಯಡ್ಡು ಮುಗಿದ ಚಣದಲ್ಲೇ ಇನ್ನೊಂದು ಶುರು. ಇಲ್ಲಿ ಓಡಾಡಬೇಕಾದವರು ಮಕ್ಕಳು. ಆಟದಿಂದ ಆಟಕ್ಕೆ ನಡೆಯಲು ನಾನು ಒಂದು ನಿಮಿಷವನ್ನೂ ಬಿಟ್ಟಿರಲಿಲ್ಲ. ಗಣಿತದ ಮೇಡಂ!

“ಮಕ್ಕಳೆಲ್ಲವ್ವ?” ಅಪ್ಪ ಕೇಳಿದ.

“ಬರ್ತಾರಪ್ಪ. ನೀನು ಉಣ್ಣು, ಆರೋಗ್ತೈತೆ.”

ಅಪ್ಪ ತಟ್ಟೆಗೆ ಕೈ ಹಾಕಲಿಲ್ಲ. ನಾನು ಚಪಾತಿ ಮುರಿದು ಕೈಗೆ ಕೊಟ್ಟೆ. ಅದನ್ನು ಹಿಡಿದುಕೊಂಡೇ ಕೂತ. ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. “ಒಂದು ತುತ್ತು ಉಣ್ಣಪ್ಪ. ನಿನಗೋಸ್ಕರ ಇಷ್ಟೆಲ್ಲ ಮಾಡಿದೀನಿ. ನೀನು ಉಣ್ಣದಿದ್ರೆ ನಾವೇನು ಮಾಡಾಣ ಹೇಳು?” ಎಂದೆ. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಅಪ್ಪ ನನ್ನ ಮುಖವನ್ನು ಕ್ಷಣ ನೋಡಿ, ಚಪಾತಿಯನ್ನು ತಟ್ಟೆಯಲ್ಲಿಟ್ಟು, ಕೋಲು ಹಿಡಿದು ಎದ್ದ.

“ಬಾ, ಹೋಗಾಣ,” ಎಂದ.

ಮಂಡಿ ನೋವಿನ ಮುದುಕ ಅಷ್ಟು ಬೇಗ ನಡೆಯುವುದನ್ನು ನಾನು ವರ್ಷದಿಂದ ನೋಡಿರಲಿಲ್ಲ. ಪಾರ್ಕಿನ ನಡುವೆ ಕಾರಂಜಿಯ ಸುತ್ತ ಎತ್ತರದ ಕಟ್ಟೆಯಿದೆ. ಅದರ ಮೇಲಿನ ಮೆಟ್ಟಿಲಲ್ಲಿ ನಿಂತು, ನಾಲ್ಕೂ ಕಡೆ ನೋಡಿ, ನಾಲಿಗೆ ಮಡಿಸಿ ಒಂದು ಉದ್ದನೆಯ ಕೂಗು ಹಾಕಿದ. “ಟ್ರ್ರ್ರ್... ಹೋಯ್!” ಹಿನ್ನೀರಿನ ಆಚೆ ದಡಕ್ಕೆ ಮುಟ್ಟಬೇಕಾದ ಕೂಗು ಅದು. ಅಲ್ಲಿದ್ದ ಹಾಡು, ಯಂತ್ರ, ಕಿರುಚಾಟ ಎಲ್ಲದರ ಮೇಲೆ ಹಾದುಹೋಯಿತು. ಸೆಲ್ಫಿ ತೆಗೆಯುತ್ತಿದ್ದ ಜೋಡಿಯೊಂದು ಬೆಚ್ಚಿಬಿತ್ತು. ಸೆಕ್ಯೂರಿಟಿಯವನು ಸೀಟಿ ಊದುತ್ತ ಓಡಿಬಂದ.

“ಯಜಮಾನ್ರೆ, ಇಲ್ಲಿ ಹಂಗೆಲ್ಲ ಕೂಗಂಗಿಲ್ಲ.”

“ಆತಪ್ಪ, ಇನ್ನೊಂದೇ ಸಲ,” ಎಂದು ಅಪ್ಪ ಇನ್ನೂ ಜೋರಾಗಿ ಕೂಗಿದ.

ನಮ್ಮ ಹಳ್ಳಿಯ ಮಕ್ಕಳಿಗೆ ಆ ಕೂಗು ಗೊತ್ತು. ಅದನ್ನು ಕೇಳಿಕೊಂಡೇ ಹುಟ್ಟಿದವು. ಮೊದಲು ಬಿ ಸೆಕ್ಷನ್ನಿನವು ದೋಣಿಯ ಕಡೆಯಿಂದ ಓಡಿಬಂದವು, ಹಿಂದೆ ಸೆರಗು ಕಟ್ಟಿಕೊಂಡು ಸುಜಾತ. ಆಮೇಲೆ ಸಿಂಧುವಿನ ಗುಂಪು. ಅಪ್ಪ ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿದ. “ಒಂದು ಜೋಡಿ, ಎರಡು ಜೋಡಿ, ಮೂರು ಜೋಡಿ... ಇನ್ನೂ ಮೂರು ಎಲ್ಲಿ?” ಚಿಕ್ಕವು ಎರಡನ್ನು ಕೈ ಹಿಡಿದು, ನಾಲ್ಕು ವರ್ಷದ ಮಗಳು ಚಿನ್ನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀರೇಶ ಬಂದ. “ನಾಲ್ಕು ಜೋಡಿ, ಒಂದು ಒಂಟಿ. ಸರೀಗೈತೆ,” ಎಂದು ಅಪ್ಪ ಉಸಿರು ಬಿಟ್ಟ.

ನಾನು, “ನಡೀರಿ, ಊಟಕ್ಕೆ ಹೊತ್ತಾಯ್ತು,” ಎಂದೆ. ಅಪ್ಪ ಕೋಲು ಅಡ್ಡ ಹಿಡಿದ.

“ಓಡಿ ಬಂದವೆ. ತಕ್ಷಣ ಹಾಕ್ಬಾರ್ದು. ಮೊದ್ಲು ನೆಳ್ಳು, ಆಮ್ಯಾಲೆ ನೀರು, ಆಮ್ಯಾಲೆ ಮೇವು.”

“ತಾತ, ನಮಗೆ ಮೇವಾ?” ಎಂದು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಆ ಪಾರ್ಕಿನಲ್ಲಿ ಮರದ ಆಕಾರದ ಕಂಬಗಳು ಬಹಳ ಇದ್ದವು. ನಿಜವಾದ ದೊಡ್ಡ ಮರ ಅಂತ ಹುಡುಕಿದರೆ ಊಟದ ಮನೆಯ ಹಿಂದೆ ಒಂದು ಹೊಂಗೆ. ಅಪ್ಪ ಎಲ್ಲರನ್ನೂ ಅದರ ಕೆಳಗೆ ಕೂರಿಸಿದ. “ಕುಂತ್ಕಳ್ರಿ, ಕುಂತ್ಕಳ್ರಿ. ಎದ್ದು ಓಡಿದ್ರೆ ನೋಡ್ರಿ ಮತ್ತೆ.” ಬಾಟಲುಗಳು ಒಂದು ಸುತ್ತು ಬಂದವು. ಎಲ್ಲರೂ ಕುಡಿದರೆಂದು ಖಾತ್ರಿಯಾದ ಮೇಲೆ ಬೀರೇಶ, ಸುಜಾತ, ನಾನು ತಟ್ಟೆಗಳನ್ನು ಹೊತ್ತು ತಂದೆವು. ಕಿಟಕಿ ಪಕ್ಕದ ಟೇಬಲು ಆಗಲೇ ಬೇರೆಯವರ ಪಾಲಾಗಿತ್ತು. ಮಕ್ಕಳು ಉಣ್ಣುತ್ತಿರುವಾಗ ಅಪ್ಪ ಕೋಲೂರಿ ನಿಂತೇ ಇದ್ದ. ಯಾವ ಮಗುವಿನ ತಟ್ಟೆಯಲ್ಲಿ ಏನು ಉಳಿದಿದೆ, ಯಾವುದು ಪಕ್ಕದವನ ಹಪ್ಪಳ ಕಿತ್ತುಕೊಂಡಿತು, ಎಲ್ಲ ಅವನ ಕಣ್ಣಿನಲ್ಲಿತ್ತು. ನಾನೊಂದು ಲೋಟ ಮಜ್ಜಿಗೆ ಹಿಡಿದು ಕೂತೆ.

ಒಂದು ಹತ್ತರ ಆಟ ಹೋಯಿತು. ಒಂದು ನಲವತ್ತರದೂ ಹೋಯಿತು. ಮಕ್ಕಳು ತಟ್ಟೆ ಬಿಟ್ಟು ಏಳಲು ನೋಡಿದವು. “ಹೊಟ್ಟೆ ತುಂಬೈತೆ. ಈಗ ಯಾರೂ ಓಡಂಗಿಲ್ಲ. ಸುಮ್ನೆ ಮೆಲುಕು ಹಾಕ್ರಿ,” ಎಂದ ಅಪ್ಪ. ಬೆಳಿಗ್ಗೆ ನನ್ನ ಗತಿ ನೋಡಿದ್ದವು, ಮತ್ತೆ ಕೂತವು. ಬಾಯಿ ಆಡಿಸುತ್ತ ಮೆಲುಕು ಹಾಕುವ ನಾಟಕ ಮಾಡಿದವು, ನಕ್ಕವು, ಒಂದರ ತೊಡೆಯ ಮೇಲೆ ಇನ್ನೊಂದು ತಲೆ ಇಟ್ಟುಕೊಂಡು ಉರುಳಿಕೊಂಡವು. ಚಿನ್ನು ಅಪ್ಪನ ಟವೆಲ್ಲಿನ ಮೇಲೆ ನಿದ್ದೆ ಹೋದಳು. ಸದ್ದು ಅಡಗಿತು. ಅಪ್ಪ ಮತ್ತೊಮ್ಮೆ ಎಣಿಸಿದ, ಈ ಸಲ ಬಾಯಲ್ಲಿ ಅಲ್ಲ, ಬರೀ ಕಣ್ಣಲ್ಲಿ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಬಂದು ನನ್ನ ಪಕ್ಕದಲ್ಲಿ ಮರಕ್ಕೆ ಬೆನ್ನು ಕೊಟ್ಟು ಕೂತ.

“ಏನೈತವ್ವ ಉಣ್ಣಾಕೆ?”

ನನಗೆ ಕೇಳಿಸಿದ್ದು ನಿಜವಾ ಎಂದು ಸುಜಾತಳ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬಿಸಿಯದು ತರೋಣವೆಂದು ಎದ್ದ ಬೀರೇಶನನ್ನು ಕಣ್ಣಲ್ಲೇ ತಡೆದೆ. ಅಲ್ಲಿ ಉದ್ದನೆಯ ಸಾಲಿತ್ತು. ಅವನು ಬರುವಷ್ಟರಲ್ಲಿ ಈ ಹಸಿವು ಹೊರಟುಹೋದರೆ ಏನು ಮಾಡುವುದು? ಮಕ್ಕಳ ತಟ್ಟೆಗಳ ಜೊತೆ ತಂದಿಟ್ಟಿದ್ದ ಅಪ್ಪನ ತಟ್ಟೆಯನ್ನೇ ಮುಂದಿಟ್ಟೆ. ಅನ್ನ ಆರಿತ್ತು, ಸಾಂಬಾರು ಕೆನೆಗಟ್ಟಿತ್ತು, ಚಪಾತಿ ತೊಗಲಿನಂತಾಗಿತ್ತು. ಅಪ್ಪ ಅದನ್ನು ಸಾಂಬಾರಿನಲ್ಲಿ ನೆನೆಸಿ ತಿಂದ. ಅನ್ನ ಕಲಸಿ ತಿಂದ. ಪಲ್ಯವನ್ನು ಬೆರಳಲ್ಲಿ ಬಳಿದು ತಿಂದ. ನಾನು ಒಂದು ವರ್ಷದಿಂದ ಇಂಥ ಒಂದು ತಟ್ಟೆ ಊಟಕ್ಕಾಗಿ ಕಾಯುತ್ತಿದ್ದೆ ಎಂಬುದು ಆ ಹೊತ್ತಿಗೆ ನನಗೆ ತಿಳಿಯಿತು. ಕಣ್ಣು ತುಂಬಿ, ಎದುರಿನ ಮಕ್ಕಳೆಲ್ಲ ಮಂಜು ಮಂಜಾಗಿ ಕಂಡರು.

“ಇನ್ನೊಂದೀಟು ಅನ್ನ ಹಾಕವ್ವ ಸುಜಾತ,” ಎಂದ ಅಪ್ಪ.

ಸುಜಾತ ತನ್ನ ತಟ್ಟೆಯಲ್ಲಿ ಮುಟ್ಟದೆ ಇಟ್ಟಿದ್ದ ಅನ್ನವನ್ನೆಲ್ಲ ಬಡಿಸಿದಳು. ಬೀರೇಶ ಈಗ ಬಿಸಿಯದು ತರಲು ಓಡಿದ. ಆ ಹೊತ್ತಿಗೆ ಸಿಂಧುವಿನ ಮೊಬೈಲು ಸದ್ದು ಮಾಡಿತು. ಎರಡು ಇಪ್ಪತ್ತರ ರೋಲರ್ ಕೋಸ್ಟರು. ಐದು ನಿಮಿಷ ಉಳಿದಿದೆ, ಹೋಗುವ ದಾರಿ ಹತ್ತು ನಿಮಿಷದ್ದು. ಅವಳ ಗುಂಪಿನ ಇನ್ನಿಬ್ಬರೂ ತಲೆ ಎತ್ತಿ ಅವಳನ್ನೇ ನೋಡಿದರು. ಈಗ ಎದ್ದರೆ ಸಿಗುತ್ತಿತ್ತು. ಎದ್ದರೆ ಮಿಕ್ಕವೂ ಏಳುತ್ತಿದ್ದವು, ಅಪ್ಪನೂ ತಟ್ಟೆ ಬಿಟ್ಟು ಏಳುತ್ತಿದ್ದ. ಸಿಂಧು ಮೊಬೈಲನ್ನು ನೋಡಿದಳು, ತಾತನ ಕೈಯಲ್ಲಿದ್ದ ತುತ್ತನ್ನು ನೋಡಿದಳು.

ಅಪ್ಪ ತುತ್ತನ್ನು ಹಾಗೇ ಹಿಡಿದು, “ನಿಮ್ದು ಯಾವ್ದೋ ಆಟ ಇತ್ತಲ್ಲ ಮಗ, ಟೈಮಾತೇನು?” ಎಂದು ಕೇಳಿದ.

ಸಿಂಧು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ತಾತನ ಕಾಲ ಬಳಿ ಚಕ್ಕಂಬಕ್ಕಳ ಹಾಕಿ ಕೂತಳು.

“ಇನ್ನೂ ಬಾಳ ಹೊತ್ತೈತೆ ತಾತ,” ಎಂದಳು. “ನೀನು ನಿಧಾನಕ್ಕೆ ಉಣ್ಣು.”